ಉಳಿವೆಪ್ಪನ ಕತ್ತರಿ

ಮುಳ್ಳೂರಕೊಪ್ಪದ ಗ್ರಂಥಾಲಯದಲ್ಲಿ ಮೂರು ಸಾವಿರ ಚಿಲ್ಲರೆ ಪುಸ್ತಕ, ಎರಡು ಬೆಂಚು, ಒಂದು ಫ್ಯಾನು ಮತ್ತು ಒಂದು ಕತ್ತರಿ ಇದ್ದವು. ಪುಸ್ತಕ ಸರಕಾರದ್ದು. ಬೆಂಚು ಹಾಲಿನ ಸೊಸೈಟಿಯದ್ದು. ಫ್ಯಾನು ತಿರುಗುತ್ತಿರಲಿಲ್ಲವಾದ್ದರಿಂದ ಅದನ್ನು ದಾನ ಕೊಟ್ಟವರು ತಾವೆಂದು ಯಾರೂ ಒಪ್ಪಿಕೊಳ್ಳುತ್ತಿರಲಿಲ್ಲ. ಕತ್ತರಿಯೊಂದೇ ಮೇಲ್ವಿಚಾರಕ ಉಳಿವೆಪ್ಪನ ಸ್ವಂತ ಆಸ್ತಿ.

ಸವಣೂರು ತಾಲ್ಲೂಕಿನ ಆ ಊರಿನಲ್ಲಿ ಉಳಿವೆಪ್ಪ ಪುಸ್ತಕ ಕಾಯಲು ಕೂತು ಮೂವತ್ತು ವರ್ಷದ ಮೇಲಾಗಿತ್ತು. ಎತ್ತರದ ಆಳು, ಎತ್ತರಕ್ಕೆ ತಕ್ಕ ಧೈರ್ಯವಿರಲಿಲ್ಲ. ಮುಂದೆ ಜಗಳ ಕಂಡರೆ ಓಣಿ ಬದಲಿಸುವವ. “ಇವರದು ಗುಬ್ಬಿ ಎದಿ” ಎಂದು ಹೆಂಡತಿ ಮಲ್ಲಿಕಾ ಬೀಗರ ಮುಂದೆಯೇ ಹೇಳುತ್ತಿದ್ದಳು. ಗುಬ್ಬಿ ಎದೆಯವರು ಲೋಕದಲ್ಲಿ ಅಷ್ಟೇನೂ ಕಡಿಮೆಯಿಲ್ಲ. ನಮ್ಮಂಥ ಬಹಳ ಮಂದಿ ಅದಕ್ಕೆ ಸೌಜನ್ಯವೆಂದು ಹೆಸರಿಟ್ಟು ಕಾಲ ನೂಕುತ್ತೇವೆ. ಉಳಿವೆಪ್ಪನೂ ಹಾಗೆಯೇ ನೂಕಿದ. ಅವನ ಸೌಜನ್ಯಕ್ಕೆ ಒಂದು ಆಯುಧವಿತ್ತು ಅಷ್ಟೇ.

ಹಾವೇರಿಯಿಂದ ಬರುತ್ತಿದ್ದ ನಾಲ್ಕು ಪುಟದ ದಿನಪತ್ರಿಕೆ ಏಳೂವರೆಗೆ ಹಾಲಿನ ಗಾಡಿಯಲ್ಲಿ ಊರು ಮುಟ್ಟುತ್ತಿತ್ತು. ಗ್ರಂಥಾಲಯದ ಬಾಗಿಲು ತೆರೆಯುವುದು ಹತ್ತಕ್ಕೆ. ನಡುವಿನ ಹೊತ್ತಿನಲ್ಲಿ ಉಳಿವೆಪ್ಪ ಅದನ್ನು ಒಂದಕ್ಷರ ಬಿಡದೆ ಓದುತ್ತಿದ್ದ. ಊರಿನ ಯಾರ ಹೊಟ್ಟೆಯಾದರೂ ಉರಿಯುವಂಥ ಸುದ್ದಿ ಕಂಡರೆ ಕತ್ತರಿ ತೆಗೆದು ಅಷ್ಟನ್ನೇ ನೀಟಾಗಿ ಕತ್ತರಿಸಿಬಿಡುತ್ತಿದ್ದ. ಊರ ಲೆಕ್ಕ ಬರೆಯುವ ತಲಾಟಿಯ ಮಗ ಫೇಲಾದದ್ದು, ಗೌಡರ ಅಳಿಯ ಇಸ್ಪೀಟಿನಲ್ಲಿ ಸಿಕ್ಕಿಬಿದ್ದದ್ದು, ಟ್ರ್ಯಾಕ್ಟರಿನ ಕೆಳಗೆ ಸಿಕ್ಕವನ ಫೋಟೋ, ಎಲ್ಲ ಹೀಗೆ ಹೋದವು. ಬಂದವರು ಹಾಳೆಯ ತೂತಿನಲ್ಲಿ ಆಚೆ ಕೂತವನ ಮುಖ ನೋಡಿ, “ಇವತ್ತ ಯಾರ ಮನಿದಪಾ?” ಎಂದು ಕೇಳಿಕೊಂಡು ನಗುತ್ತಿದ್ದರೇ ಹೊರತು ಅವನನ್ನು ಕೇಳುತ್ತಿರಲಿಲ್ಲ. ಇಂದು ಅವರ ಮನೆಯ ಸುದ್ದಿಯಾದರೆ ನಾಳೆ ನಮ್ಮದು ಬಂದೀತು ಎಂಬುದು ಎಲ್ಲರಿಗೂ ಗೊತ್ತಿತ್ತು. ಜಿಲ್ಲೆಯಿಂದ ತಪಾಸಣೆಗೆ ಬಂದ ಸಾಹೇಬರಿಗೆ ಮಾತ್ರ ಉಳಿವೆಪ್ಪ “ಇಲಿ ಭಾಳ ಅದಾವ್ರಿ” ಎನ್ನುತ್ತಿದ್ದ. ಚೌಕಾಕಾರವಾಗಿ ಕಚ್ಚುವ ಇಲಿಯನ್ನು ಸಾಹೇಬರು ಎಲ್ಲೂ ಕಂಡಿರಲಿಲ್ಲ. ಆದರೂ ಬರೆದುಕೊಂಡು ಹೋದರು.

ಹಳೆಯ ಪೇಪರನ್ನು ಅವನು ವಾರಕ್ಕೊಂದು ಗಂಟು ಕಟ್ಟಿ ಅಟ್ಟಕ್ಕೇರಿಸುತ್ತಿದ್ದ. ಗಂಟಿನ ಚೀಟಿಯ ಮೇಲೆ ತಾರೀಖು ಬರೆಯುವ ಪದ್ಧತಿ ಇರಲಿಲ್ಲ. ಯಾಕೆಂದರೆ ಮುಳ್ಳೂರಕೊಪ್ಪದಲ್ಲಿ ತಾರೀಖು ಹಿಡಿದು ಪೇಪರು ಕೇಳಿದ ಮನುಷ್ಯ ಹುಟ್ಟಿಯೇ ಇರಲಿಲ್ಲ. “ಸರ, ನಮ್ಮ ಎಮ್ಮಿ ಕಳುವಾದ ವಾರದ್ದು ಕೊಡ್ರಿ, ಅದರಾಗ ಗೋವಿನಜೋಳದ ಗೊಬ್ಬರದ್ದು ಬಂದಿತ್ತು” ಎಂದು ಕೇಳುವ ಜನ. ಹೀಗಾಗಿ ಚೀಟಿಗಳೂ ಹಾಗೆಯೇ: ‘ಕೆರೆ ಕೋಡಿ ಬಿದ್ದ ವಾರ’, ‘ಹೊಸ ಬಸ್ಸು ಬಂದು ಮರುದಿನ ನಿಂತ ವಾರ’. ಕೇಳಿದವರಿಗೆ ಎರಡು ನಿಮಿಷದಲ್ಲಿ ಗಂಟು ಇಳಿಸಿಕೊಡುತ್ತಿದ್ದ.

ಮೂರು ವರ್ಷದ ಹಿಂದೆ ಗ್ರಂಥಾಲಯಕ್ಕೆ ಕಂಪ್ಯೂಟರು ಬಂತು. ಅದರ ಬೆನ್ನಿಗೇ ಗುತ್ತಿಗೆದಾರರ ಕಡೆಯ ಇಬ್ಬರು ಸ್ಕ್ಯಾನಿಂಗ್ ಯಂತ್ರ ಹೊತ್ತು ಬಂದು, ಗಂಟು ಬಿಚ್ಚಿ, ಹಾಳೆ ಹಾಳೆಯ ಚಿತ್ರ ತೆಗೆದು ಒಳಗೆ ತುಂಬಿದರು. ಫೈಲಿಗೆ ಹೆಸರು ಕೇಳಿದಾಗ ಉಳಿವೆಪ್ಪ ಚೀಟಿಯಲ್ಲಿದ್ದದ್ದನ್ನೇ ಓದಿ ಹೇಳಿದ. ಅವರು ಹಾಗೆಯೇ ಟೈಪು ಮಾಡಿಕೊಂಡರು. ಆಮೇಲೆ ನಿಯಮದ ಪ್ರಕಾರ ಹಳೆಯ ಪೇಪರೆಲ್ಲ ರದ್ದಿಗೆ ಹೋಯಿತು. ರದ್ದಿಯ ಗೌಸಸಾಬ ತಕ್ಕಡಿ ಎತ್ತಿ ಹೇಳಿದ: “ಸರ, ನಿಮ್ಮ ಪೇಪರದಾಗ ತೂತ ಭಾಳ ಅದಾವ. ತೂಕಾನ ಬರವಲ್ಲದು.”

ಹುಡುಕುವ ಪೆಟ್ಟಿಗೆಯಲ್ಲಿ ತಾರೀಖು ಹೊಡೆದರೆ ಕಂಪ್ಯೂಟರು ‘ಯಾವುದೇ ಫಲಿತಾಂಶ ದೊರೆತಿಲ್ಲ’ ಎನ್ನುತ್ತಿತ್ತು. ಒಳಗಿನ ಸುದ್ದಿಯ ಶಬ್ದ ಹೊಡೆದರೂ ಅದೇ ಉತ್ತರ. ಅದಕ್ಕೆ ಹಾಳೆ ಎಂದರೆ ಬರೀ ಚಿತ್ರ, ಅಕ್ಷರ ಬಾರದು. ಆದರೆ ‘ಎಮ್ಮಿ’ ಎಂದು ಹೊಡೆದರೆ ಹದಿನೇಳು ವಾರ ಸಿಗುತ್ತಿದ್ದವು. ಪಂಚಾಯತಿಯ ಕಂಪ್ಯೂಟರ್ ಆಪರೇಟರ್ ರಂಜನಾ ದಿನಾ ಶಿಗ್ಗಾಂವಿಯಿಂದ ಬಸ್ಸಿನಲ್ಲಿ ಬರುವವಳು, ಚುರುಕಿನ ಹೆಣ್ಣು. ಅವಳು ಮೊದಲ ದಿನ ಅದನ್ನು ನೋಡಿ ಹಣೆ ಹಿಡಿದುಕೊಂಡಳು.

“ಇದು ಕಂಪ್ಯೂಟರ ಅಲ್ರಿ ಸರ, ನಿಮ್ಮ ತಲಿ. ನಿಮ್ಮನ್ನ ಕೇಳದ ಏನೂ ಸಿಗೂದಿಲ್ಲ.”

ಉಳಿವೆಪ್ಪನಿಗೆ ಅದು ಹೊಗಳಿಕೆಯಾಗಿಯೇ ಕೇಳಿಸಿತು.

ಫಕ್ಕೀರವ್ವ ಪೇಪರು ಕೇಳಿಕೊಂಡು ಬಂದದ್ದು ಈ ವರ್ಷದ ಆಷಾಢದಲ್ಲಿ. ಅವಳ ಗಂಡ ಕನಕಪ್ಪ ಹನ್ನೊಂದು ವರ್ಷದ ಹಿಂದೆ ಒಂದು ಸೋಮವಾರ, “ಮೋಟರ ಸುಟ್ಟೈತಿ, ಹುಬ್ಬಳ್ಳಿಗೆ ಹೋಗಿ ಸುರುಳಿ ಕಟ್ಟಿಸಿಕೊಂಡು ಬರ್ತೇನಿ” ಎಂದು ಯಲವಿಗಿ ಸ್ಟೇಶನ್ನಿಗೆ ಹೋದವನು ತಿರುಗಿ ಬಂದಿರಲಿಲ್ಲ. ಮೋಟರು ಸ್ಟೇಶನ್ನಿನ ಚಹಾದಂಗಡಿಯಲ್ಲಿ ಸಿಕ್ಕಿತು, ಕನಕಪ್ಪ ಸಿಗಲಿಲ್ಲ. ಎರಡೆಕರೆ ಹೊಲ ಅವನ ಹೆಸರಿನಲ್ಲೇ ಇತ್ತು. ಅವನು ಸತ್ತನೆಂದು ಕೋರ್ಟು ಹೇಳದೆ ಅದು ಅವಳ ಹೆಸರಿಗೆ ಬರುವಂತಿರಲಿಲ್ಲ. ಮೈದುನ ಮಹಾಂತೇಶ ಕೆಟ್ಟವನೇನಲ್ಲ, ಆದರೆ ಕಲ್ಲು. “ನಮ್ಮಣ್ಣ ಸತ್ತಾನಂತ ನಾ ಯಾಕ ಒಪ್ಪಲಿ? ನಾಳೆ ಬಂದ್ರ ಏನ್ ಹೇಳ್ಲಿ?” ಎಂದು ಕೋರ್ಟಿನಲ್ಲಿ ತಕರಾರು ಹಾಕಿ, ಹೊಲವನ್ನು ತಾನೇ ಬಿತ್ತುತ್ತಿದ್ದ. ಫಕ್ಕೀರವ್ವ ಅದೇ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದಳು.

“ಸವಣೂರಿನ ವಕೀಲರು ಪೇಪರ ಕೇಳ್ಯಾರ್ರಿ ಸರ,” ಎಂದಳು ಅವಳು, ಬೆಂಚಿನ ತುದಿಗೆ ಕೂತು. “ಯಾವಾಗಿಂದ ಇಲ್ಲ ಅನ್ನೂದಕ್ಕ ಪುರಾವೆ ಬೇಕಂತ. ಠಾಣೇದಾಗ ನಾ ಕೊಟ್ಟ ಅರ್ಜಿ ಸಿಗವಲ್ದಂತ. ಆವಾಗ ನೀವ ಬರದು ಪೇಪರದಾಗ ಹಾಕಿಸಿದ್ರೆಲ್ಲ, ಕಾಣೆಯಾಗ್ಯಾನ ಅಂತ? ಅದನ್ನ ಕೊಡ್ರಿ. ಹದಿನೆಂಟನೇ ತಾರೀಖಿಗೆ ಕಡೀ ವಾಯದೆ. ಇಲ್ಲಂದ್ರ ಕೇಸ್ ತೆಗದು ಒಗೀತಾರಂತ.”

“ಪೇಪರದವರ ಕಡೆ ಸಿಗಬಹುದಲ್ಲ ತಂಗಿ?”

“ಆ ಪೇಪರ ಮುಚ್ಚಿ ಆರು ವರ್ಷ ಆತಂತ್ರಿ. ಅಲ್ಲೆ ಈಗ ಮೊಬೈಲಿನ ಅಂಗಡಿ. ನಿಮ್ಮ ಮಿಶಿನ್ನಿನಾಗ ಎಲ್ಲಾ ಐತಿ ಅಂತಾರಲ್ಲ?”

ಉಳಿವೆಪ್ಪ ಕನ್ನಡಕ ತೆಗೆದು ಒರೆಸಿದ. ಮತ್ತೆ ಹಾಕಿಕೊಂಡ. “ಹುಡುಕೂಣಂತ” ಎಂದ.

ಹುಡುಕಬೇಕಾದ್ದೇನೂ ಇರಲಿಲ್ಲ. ಆ ಜಾಹೀರಾತು ಎಲ್ಲಿದೆ ಎಂಬುದು ಜಗತ್ತಿನಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಅದು ಅವನ ಬೆನ್ನ ಹಿಂದಿನ ಕಪಾಟಿನಲ್ಲಿ, ಸಹಕಾರಿ ಕಾಯ್ದೆ ತಿದ್ದುಪಡಿಗಳ ಎರಡನೇ ಸಂಪುಟದೊಳಗೆ ಇತ್ತು. ಹನ್ನೊಂದು ವರ್ಷ ಯಾರೂ ಮುಟ್ಟದ ಪುಸ್ತಕಕ್ಕೆ ಆ ಗ್ರಂಥಾಲಯದಲ್ಲಿ ಪೈಪೋಟಿ ಬಹಳವಿತ್ತು. ಆದರೂ ಉಳಿವೆಪ್ಪ ವಿಚಾರ ಮಾಡಿ ಆರಿಸಿದ್ದ.

ಆಗ ಆದದ್ದು ಹೀಗೆ. ಕನಕಪ್ಪ ಹೋದ ಸೋಮವಾರದಿಂದ ನಾಲ್ಕು ದಿನ ಕಾದು, ಶುಕ್ರವಾರ ಫಕ್ಕೀರವ್ವ ಮದುವೆಯ ಫೋಟೋದಿಂದ ಗಂಡನ ಮುಖ ಕತ್ತರಿಸಿಕೊಂಡು ಬಂದಳು. ಉಳಿವೆಪ್ಪನೇ ಜಾಹೀರಾತು ಬರೆದು ಹಾವೇರಿಗೆ ಒಯ್ದು ಕೊಟ್ಟು ಬಂದ. ಮುಂದಿನ ಮಂಗಳವಾರ ಬೆಳಿಗ್ಗೆ ಪೇಪರು ಬಂತು. ಮೂರನೇ ಪುಟದ ಮೂಲೆಯಲ್ಲಿ ಒಂದು ಸಣ್ಣ ಸುದ್ದಿ ಅವನ ಕಣ್ಣಿಗೆ ಬಿತ್ತು. ಹರಿಹರಕ್ಕೆ ಇನ್ನೂ ಸ್ವಲ್ಪ ದೂರವಿರುವಾಗ ರೈಲು ಹಳಿಯ ಪಕ್ಕ ಅಪರಿಚಿತ ಗಂಡಸಿನ ಶವ. ವಯಸ್ಸು ಸುಮಾರು ನಲವತ್ತು. ಜೇಬಿನಲ್ಲಿ ಯಲವಿಗಿಯಲ್ಲಿ ಪಡೆದ ಟಿಕೆಟ್. ಬಲಗೈ ಮೇಲೆ ‘ಶೇಖವ್ವ’ ಎಂಬ ಹಚ್ಚೆ. ಶವವನ್ನು ಇನ್ನೆರಡು ದಿನ ಶವಾಗಾರದಲ್ಲಿ ಇರಿಸಲಾಗುವುದು. ಗುರುತು ಸಿಕ್ಕವರು ಬರಬೇಕು.

ಶೇಖವ್ವ ಎಂದರೆ ಕನಕಪ್ಪನ ತಾಯಿ. ಆ ಹಚ್ಚೆಯನ್ನು ಕಬಡ್ಡಿ ಆಡುವಾಗ ಊರೆಲ್ಲ ನೋಡಿತ್ತು.

ಕೈ ತನ್ನ ಅಭ್ಯಾಸದ ಕೆಲಸ ಮಾಡಿತು. ಕತ್ತರಿ ನಾಲ್ಕು ಮಗ್ಗುಲು ತಿರುಗಿ ತುಂಡು ಮೇಜಿನ ಮೇಲೆ ಬಿದ್ದಾಗ ಅದು ಮಗುಚಿ ಬಿತ್ತು. ಹಿಂಬದಿ ನಾಲ್ಕನೇ ಪುಟ. ಅಲ್ಲಿ ಕನಕಪ್ಪ ಪೇಟಾ ಸುತ್ತಿಕೊಂಡು ನಗುತ್ತಿದ್ದ. ‘ಕಾಣೆಯಾಗಿದ್ದಾರೆ. ಕಂಡವರು ತಿಳಿಸಿ.’ ಹೆಂಡತಿಯ ಪ್ರಶ್ನೆ ಹಾಳೆಯ ಒಂದು ಮಗ್ಗುಲಿಗೆ, ಉತ್ತರ ಇನ್ನೊಂದು ಮಗ್ಗುಲಿಗೆ, ಒಂದೇ ದಿನ ಅಚ್ಚಾಗಿತ್ತು.

ಹತ್ತು ಗಂಟೆಗೆ ಫಕ್ಕೀರವ್ವ ಬಾಗಿಲಲ್ಲಿ ನಿಂತಿದ್ದಳು. “ಬಂತೇನ್ರಿ ಸರ?”

“ಬಂದೈತಿ ತಂಗಿ.”

“ತೋರಸ್ರಿ. ನನಗ ಓದಾಕ ಬರೂದಿಲ್ಲ, ಮಾರಿ ನೋಡ್ತೇನಿ.”

“ಹಾಳಿ ಠಾಣೆಕ ಕಳಿಸೇನಿ. ಅವರಿಗೆ ಬೇಕಂತ.”

“ಫೋಟೋ ಹೆಂಗ ಬಂದೈತಿ?”

“ಅಷ್ಟ ಸರಿ ಬಂದಿಲ್ಲ. ಮಸಿ ಹರಡೇತಿ.”

ಸಂಜೆ ಹೇಳೋಣವೆಂದುಕೊಂಡ. ಸಂಜೆ ಮುದುಕಿ ಶೇಖವ್ವನೂ ಸೊಸೆಯ ಜತೆ ಕೂತಿದ್ದಳು, ನಾಳೆ ಎಂದುಕೊಂಡ. ಮರುದಿನ ಫಕ್ಕೀರವ್ವ ಗಂಡನ ಹೆಸರಿನಲ್ಲಿ ಹರಕೆ ಹೊತ್ತು ಬಂದಿದ್ದಳು. ಎರಡು ದಿನ ಮುಗಿದವು. ಶವಾಗಾರದವರು ಹೆಣ ಹೂಳಿರಬೇಕು. ಹೂಳಿದ ಮೇಲೆ ಹೇಳುವುದು ಹೂಳುವ ಮೊದಲು ಹೇಳುವುದಕ್ಕಿಂತ ಕಷ್ಟ. ವಾರ ಕಳೆದ ಮೇಲೆ ಇನ್ನೂ ಕಷ್ಟ. ವರ್ಷ ಕಳೆದ ಮೇಲೆ ಹೇಳುವ ಮಾತೇ ಬೇರೆಯಾಗಿಬಿಡುತ್ತದೆ. ಆಗ ಗಂಡ ಸತ್ತನೆಂದಷ್ಟೇ ಹೇಳಿದರೆ ಸಾಲದು. ನನಗೆ ಗೊತ್ತಿತ್ತು, ಮುಚ್ಚಿಟ್ಟೆ ಎಂದೂ ಹೇಳಬೇಕು. ಶೇಖವ್ವ ನಾಲ್ಕು ವರ್ಷ ಬಾಗಿಲ ಕಡೆ ಮುಖ ಮಾಡಿ ಮಲಗಿ ಸತ್ತಳು. ಉಳಿವೆಪ್ಪ ಮಣ್ಣಿಗೆ ಹೋಗಿ, ಎಲ್ಲರಿಗಿಂತ ಹಿಂದೆ ನಿಂತು ಬಂದ.

ಈಗ ಆ ತುಂಡು ಕೊಟ್ಟರೆ ಎರಡೂ ಮಗ್ಗುಲು ಕೊಟ್ಟಂತೆ. ಉಪಾಯವೊಂದು ಹೊಳೆದು, ಉಳಿವೆಪ್ಪ ಸವಣೂರಿಗೆ ಹೋಗಿ ನಿಯಾಜನ ಝೆರಾಕ್ಸ್ ಅಂಗಡಿಯಲ್ಲಿ ಜಾಹೀರಾತಿನ ಮಗ್ಗುಲನ್ನಷ್ಟೇ ನಕಲು ತೆಗೆಸಿದ. ಗ್ರಂಥಾಲಯದ ಮೊಹರು ಹೊಡೆದು ಕೊಟ್ಟರಾಯಿತು ಎಂಬುದು ಲೆಕ್ಕ. ನಿಯಾಜ ನಕಲನ್ನು ಬೆಳಕಿಗೆ ಹಿಡಿದ.

“ಸರ, ಪೇಪರ ಭಾಳ ತೆಳು ಐತಿ. ಹಿಂದಿನ ಅಕ್ಷರ ಮೂಡಾಕತ್ತಾವ. ನೋಡ್ರಿ, ಇಲ್ಲೆ ಉಲ್ಟಾ ‘ಶವ’ ಅಂತ ಕಾಣಾಕತ್ತೈತಿ. ಕರಿ ಹಾಳಿ ಹಚ್ಚಿ ತೆಗೀಲೇನು?”

ಕರಿ ಹಾಳೆ ಹಚ್ಚಿ ತೆಗೆದರೂ ಕನಕಪ್ಪನ ನಗುವ ಹಲ್ಲಿನ ಮೇಲೆ ಏನೋ ಮಸಕಾಗಿ ಉಳಿಯಿತು. ಉಳಿವೆಪ್ಪ ನಕಲುಗಳನ್ನು ಹರಿದು ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದ.

ಇತ್ತ ರಂಜನಾ ತನಗೆ ಯಾರೂ ಹೇಳದ ಕೆಲಸವನ್ನು ಮೈಮೇಲೆ ಎಳೆದುಕೊಂಡಿದ್ದಳು. ಪಂಚಾಯತಿ ಕೆಲಸ ಮುಗಿಸಿ ಮಧ್ಯಾಹ್ನ ಗ್ರಂಥಾಲಯಕ್ಕೆ ಬಂದು, ಹೆಸರು ನೋಡದೆ, ಫೈಲೊಂದೊಂದನ್ನೇ ತೆರೆದು ಮೊದಲ ಹಾಳೆಯ ತಾರೀಖು ನೋಡಿ ಬರೆದುಕೊಳ್ಳತೊಡಗಿದಳು. ಸಾವಿರದ ಮೇಲೆ ಫೈಲು. ಕರೆಂಟು ಹೋದರೆ ಕಾಯುವಳು. ಫಕ್ಕೀರವ್ವ ಕೂಲಿಯಿಂದ ಬಂದು ಬೆಂಚಿನ ಮೇಲೆ ಕೂತು, ಕುಂಕುಮದ ಹಣೆ ಸೆರಗಿನಿಂದ ಒರೆಸಿಕೊಂಡು, ಪರದೆಯನ್ನು ದೇವರ ಗುಡಿಯ ಬಾಗಿಲು ನೋಡುವ ಹಾಗೆ ನೋಡುವಳು. ಉಳಿವೆಪ್ಪ ಇಬ್ಬರಿಗೂ ಚಹಾ ತರಿಸುವನು. ಮೊದಲೆಲ್ಲ ಗ್ರಂಥಪಾಲ ಸುಳ್ಳು ಹೇಳುವುದು ಕಷ್ಟವಿತ್ತು. ಗಂಟು ಅಟ್ಟದ ಮೇಲೆ ಕಾಣುತ್ತಿತ್ತು. ಈಗ ‘ಫಲಿತಾಂಶ ದೊರೆತಿಲ್ಲ’ ಎಂದು ಯಂತ್ರವೇ ಹೇಳುತ್ತಿತ್ತು, ಅವನು ತಲೆಯಾಡಿಸಿದರೆ ಸಾಕಿತ್ತು.

ಒಂಬತ್ತನೇ ದಿನ ರಂಜನಾ ಆ ಮಂಗಳವಾರವನ್ನು ಹಿಡಿದೇಬಿಟ್ಟಳು. ಚೀಟಿಯಲ್ಲಿ ಉಳಿವೆಪ್ಪ ‘ಶಾಲೆಯ ಗಂಟೆ ಕಳುವಾದ ವಾರ’ ಎಂದು ಬರೆದಿದ್ದ.

“ಸಿಕ್ತ್ರಿ ಸರ! ಆದ್ರ…” ಅವಳು ಪರದೆಗೆ ಮೂಗು ತಾಗಿಸಿದಳು. “ನಾಕನೇ ಪುಟದಾಗ ತೂತ ಐತಿ.”

“ಇಲಿ” ಎಂದ ಉಳಿವೆಪ್ಪ.

ರಂಜನಾ ತಿರುಗಿ ಅವನ ಮುಖ ನೋಡಿದಳು. ಊರಿಗೆ ಹೊಸಬಳು, ಆದರೂ ಕತ್ತರಿಯ ಕಥೆ ಅವಳ ಕಿವಿಗೂ ಬಿದ್ದಿತ್ತು. ಫಕ್ಕೀರವ್ವನೇ ಅಂದಳು: “ಹೋಗ್ಲಿ ಬಿಡ್ರಿ, ಇಲಿಗೇನ್ ಗೊತ್ತ. ಮತ್ತೊಂದ ದಿನ ಏನರ ಹಾಕಿದ್ರೇನೋ, ಅದನ್ನ ನೋಡೂಣು.”

ಅದೇ ವಾರ ಹಿರೇಕೆರೂರಿನಲ್ಲಿ ಗ್ರಂಥಾಲಯದವರಿಗೆ ಒಂದು ದಿನದ ತರಬೇತಿ. ವಿಷಯ, ಡಿಜಿಟಲ್ ಸಂಪನ್ಮೂಲಗಳಲ್ಲಿ ಮಾಹಿತಿ ಹುಡುಕುವ ಬಗೆ. ಉಳಿವೆಪ್ಪನ ಜತೆ ಪಂಚಾಯತಿಯಿಂದ ರಂಜನಾಳೂ ಹೋದಳು. ನೂರು ಮೇಲ್ವಿಚಾರಕರು ಉಪ್ಪಿಟ್ಟು ತಿಂದು ತೂಕಡಿಸುತ್ತಿದ್ದರು. ತರಬೇತುದಾರರು ಒಳ್ಳೆಯವರು, ಗಂಟಲು ಹರಿಯುವ ತನಕ ಹೇಳಿದರು. ಅವರ ಎರಡು ಮಾತನ್ನು ರಂಜನಾ ಬರೆದುಕೊಂಡಳು. ಚಿತ್ರದಲ್ಲಿರುವ ಕನ್ನಡ ಅಕ್ಷರವನ್ನು ಓದಿ ಪಠ್ಯ ಮಾಡುವ ತಂತ್ರಾಂಶ ಈಗ ಬಂದಿದೆ, ಅದನ್ನು ಹಾಯಿಸಿದರೆ ಹಳೆಯ ಸ್ಕ್ಯಾನಿನಲ್ಲೂ ಶಬ್ದ ಹುಡುಕಬಹುದು ಎಂಬುದು ಒಂದು. ಜನ ಕೇಳುವ ಮಾತನ್ನು ಹುಡುಕಬೇಡಿ, ಹಾಳೆಯ ಮೇಲೆ ಅಚ್ಚಾಗಿರಬಹುದಾದ ಮಾತನ್ನು ಹುಡುಕಿ, ಅದರಲ್ಲೂ ಅಪರೂಪದ ಮಾತನ್ನು ಎಂಬುದು ಇನ್ನೊಂದು.

ಉಳಿವೆಪ್ಪನೂ ಬರೆದುಕೊಂಡ. ಬರೆಯುವಾಗ ಪೆನ್ನು ಎರಡು ಸಲ ನಿಂತಿತು. ಕನಕಪ್ಪನ ಸುದ್ದಿ ಇದ್ದದ್ದು ಅವನು ಕತ್ತರಿಸಿದ ಆ ಒಂದೇ ಹಾಳೆಯಲ್ಲಿ. ಹೆದರುವಂಥದ್ದೇನಿಲ್ಲ ಎಂದು ತನಗೆ ತಾನೇ ಹೇಳಿಕೊಂಡ.

ಹದಿನಾರನೇ ತಾರೀಖು, ಶನಿವಾರ. ಆ ವರ್ಷದ ಫೈಲುಗಳ ಮೇಲೆಲ್ಲ ತಂತ್ರಾಂಶ ಹಾಯಿಸಿ ಮುಗಿಸಿದ್ದ ರಂಜನಾ ಕುರ್ಚಿ ಎಳೆದು ಕೂತಳು. ಫಕ್ಕೀರವ್ವ ಬೆಂಚು ಬಿಟ್ಟು ನೆಲದ ಮೇಲೆ, ಅವಳ ಕಾಲ ಬಳಿಯೇ ಕೂತಿದ್ದಳು. ‘ಕನಕಪ್ಪ’ ಎಂದು ಹೊಡೆದಾಗ ಅರವತ್ತು ಕನಕಪ್ಪರು ಸಿಕ್ಕರು. ಒಬ್ಬ ಸಂಘದ ಅಧ್ಯಕ್ಷ, ಒಬ್ಬ ಕುಸ್ತಿಯವ, ಒಬ್ಬ ತಾಲ್ಲೂಕು ಪಂಚಾಯತಿಗೆ ನಿಂತು ಸೋತವ. ನಮ್ಮ ಕನಕಪ್ಪ ಇರಲಿಲ್ಲ.

“ಜಾಹೀರಾತಿನಾಗ ಮತ್ತೇನ್ ಬರದಿದ್ರಿ ಸರ? ಅಪರೂಪದ ಮಾತ ಯಾವುದರ?”

“ನೆನಪಿಲ್ಲ ನೋಡವಾ.”

“ಯಲವಿಗಿ ಟೇಶನ್ನಿಗೆ ಹೋದವ ಅಂತ ಬರದಿದ್ರೆಲ್ಲರಿ,” ಎಂದಳು ಫಕ್ಕೀರವ್ವ. “ನಿಮ್ಮ ಬಾಯಿಂದ ನಾ ಮೂರು ಸಲ ಓದಿಸಿದ್ದೆ.”

ರಂಜನಾ ‘ಯಲವಿಗಿ’ ಎಂದು ಹೊಡೆದಳು. ಮೂವತ್ನಾಲ್ಕು ಫಲಿತಾಂಶ. ಒಂದೊಂದನ್ನೇ ಗಟ್ಟಿಯಾಗಿ ಓದತೊಡಗಿದಳು. ರೈಲಿನ ವೇಳಾಪಟ್ಟಿ. ಮೇಲ್ಸೇತುವೆಗೆ ಮನವಿ. ಎಲೆಬಳ್ಳಿ ಬೆಳೆಗಾರರ ಸಭೆ. ಉಳಿವೆಪ್ಪ ಕಪಾಟಿನ ಪುಸ್ತಕಗಳನ್ನು ಸುಮ್ಮನೆ ಜೋಡಿಸುತ್ತ ಎಣಿಸುತ್ತಿದ್ದ. ಹತ್ತೊಂಬತ್ತು. ಇಪ್ಪತ್ತು.

“ಇಪ್ಪತ್ತೊಂದು. ‘ಸವಿತಾ ಹಡೆದ ವಾರ’, ಮೂರನೇ ಪುಟ,” ಎಂದಳು ರಂಜನಾ.

ಸವಿತಾ ಉಳಿವೆಪ್ಪನ ಮಗಳು. ಹಾನಗಲ್ಲಿಗೆ ಕೊಟ್ಟಿದ್ದ. ಆ ವರ್ಷ, ಕನಕಪ್ಪ ಹೋದ ಮೂರನೇ ವಾರ, ತವರಿಗೆ ಕರೆತರುವ ಮೊದಲೇ ಚೊಚ್ಚಲ ಹೆರಿಗೆಯ ಸುದ್ದಿ ಬಂದು ಅವನೂ ಮಲ್ಲಿಕಾಳೂ ಅಲ್ಲಿಗೆ ಓಡಿದ್ದರು. ಎಂಟು ದಿನ ಪೇಪರುಗಳು ಓದುವವರಿಲ್ಲದೆ ಬಾಗಿಲ ಸಂದಿಯಲ್ಲಿ ಬಿದ್ದಿದ್ದವು. ತಿರುಗಿ ಬಂದವನು ಮೊಮ್ಮಗನ ಸಂತೋಷದಲ್ಲಿ ಹಾಗೆಯೇ ಗಂಟು ಕಟ್ಟಿ, ಖುಷಿಯಿಂದ ಚೀಟಿ ಬರೆದಿದ್ದ. ಮೂವತ್ತು ವರ್ಷದಲ್ಲಿ ಅವನು ಓದದೆ ಬಿಟ್ಟ ವಾರ ಅದೊಂದೇ.

ರಂಜನಾ ಓದುತ್ತಲೇ ಇದ್ದಳು. “‘ಹದಿನೈದು ದಿನಗಳ ಹಿಂದೆ ರೈಲು ಹಳಿ ಪಕ್ಕ ದೊರೆತ ಅಪರಿಚಿತ ವ್ಯಕ್ತಿಯ ಶವಕ್ಕೆ ವಾರಸುದಾರರು ಬಾರದ ಕಾರಣ ಅಂತ್ಯಕ್ರಿಯೆ ನಡೆಸಲಾಗಿದೆ. ಮೃತನ ಬಳಿ ಯಲವಿಗಿಯಿಂದ ಪಡೆದ ಟಿಕೆಟ್ ಇದ್ದು, ಬಲಗೈ ಮೇಲೆ ಶೇಖವ್ವ ಎಂದು…’”

ಅವಳ ದನಿ ಅಲ್ಲಿಗೆ ನಿಂತಿತು.

“ಇನ್ನೊಮ್ಮೆ ಓದವಾ,” ಎಂದಳು ಫಕ್ಕೀರವ್ವ.

ರಂಜನಾ ಓದಿದಳು. ಈ ಸಲ ಕೈ ಬಾಯಿಗೆ ಅಡ್ಡ ಇಟ್ಟುಕೊಂಡು ಓದಿದಳು.

ಅಳು ಬರಬೇಕಿತ್ತು, ಬರಲಿಲ್ಲ. ಫಕ್ಕೀರವ್ವ ಪರದೆಯನ್ನು ಬಿಟ್ಟು ಮೆಲ್ಲಗೆ ಉಳಿವೆಪ್ಪನ ಕಡೆ ತಿರುಗಿದಳು. ಅವನು ಕಪಾಟಿಗೆ ಬೆನ್ನು ಕೊಟ್ಟು ನಿಂತಿದ್ದ. ಓದು ಬಾರದವರು ಮುಖ ಚೆನ್ನಾಗಿ ಓದುತ್ತಾರೆ.

“ಸರ, ಆ ತೂತ ಇಲಿ ಕಡದಿದ್ದಲ್ಲಲ್ಲರಿ?”

ಇಲ್ಲೊಂದು ಸುಳ್ಳಿಗೆ ಇನ್ನೂ ಜಾಗವಿತ್ತು. ಗೊತ್ತಿಲ್ಲ ತಂಗಿ ಎಂದಿದ್ದರೆ ಅವಳಿಗೆ ಕೋರ್ಟಿಗೆ ಈ ಹಾಳೆಯೇ ಸಾಕಾಗುತ್ತಿತ್ತು, ಅವನ ಮಾನವೂ ಉಳಿಯುತ್ತಿತ್ತು. ಅವನು ತಿರುಗಿ ಸಹಕಾರಿ ಕಾಯ್ದೆಯ ಎರಡನೇ ಸಂಪುಟ ಹೊರಗೆಳೆದ. ಧೈರ್ಯ ಬಂತೆಂದಲ್ಲ. ಹನ್ನೊಂದು ವರ್ಷ ಹೊತ್ತ ಕೈ ಸೋತಿತ್ತು ಅಷ್ಟೇ. ಹಳದಿ ತಿರುಗಿದ ತುಂಡನ್ನು ಅವಳ ಅಂಗೈ ಮೇಲಿಟ್ಟ.

ಫಕ್ಕೀರವ್ವ ಅದನ್ನು ಹಿಂದೆ ಮುಂದೆ ತಿರುಗಿಸಿದಳು. ಒಂದು ಮಗ್ಗುಲಿಗೆ ಬರೀ ಅಕ್ಷರ, ಅದನ್ನು ರಂಜನಾ ಬಗ್ಗಿ ಓದಿ ಹೇಳಿದಳು. ಇನ್ನೊಂದು ಮಗ್ಗುಲಿಗೆ ಪೇಟಾ ಸುತ್ತಿದ ಮುಖ. ಮುಖವನ್ನು ಬಹಳ ಹೊತ್ತು ನೋಡಿದಳು.

“ಚೊಲೊ ಬಂದೈತಲ್ಲರಿ ಫೋಟೋ,” ಎಂದಳು. “ಮಸಿ ಹರಡೇತಿ ಅಂದಿದ್ರಿ.”

ಉಳಿವೆಪ್ಪ ಕೈಯಲ್ಲಿದ್ದ ಸಂಪುಟವನ್ನು ಮುಚ್ಚಿ ಕಪಾಟಿಗೆ ತೂರಿಸಿದ.

“ಆ ದಿವಸ ಹೋಗಿದ್ರ ಮಾರಿ ನೋಡಾಕ ಸಿಗತಿತ್ತೇನ್ರಿ?”

“ಎರಡ ದಿನ ಇಟ್ಟಿದ್ರು.”

ಅವಳು ತುಂಡನ್ನು ಕುಪ್ಪಸದೊಳಗೆ ಇಟ್ಟುಕೊಂಡು ಎದ್ದಳು. ಬಾಗಿಲ ತನಕ ರಂಜನಾಳ ಕೈ ಹಿಡಿದಿದ್ದಳು.

ಸೋಮವಾರ, ಹದಿನೆಂಟನೇ ತಾರೀಖು, ಸವಣೂರಿನ ಕೋರ್ಟಿನಲ್ಲಿ ಉಳಿವೆಪ್ಪ ಸಾಕ್ಷಿಕಟ್ಟೆ ಹತ್ತಿದ. ಯಾರೂ ಕರೆಸಿರಲಿಲ್ಲ, ತಾನೇ ವಕೀಲ ಪ್ರಶಾಂತರ ಕಚೇರಿಗೆ ಹೋಗಿ ಹೇಳಿದ್ದ. ತುಂಡು ಕತ್ತರಿಸಿದವನು ತಾನು, ಪೇಪರಿನ ಹೆಸರು ತಾರೀಖು ಇಂಥದ್ದು, ಗ್ರಂಥಾಲಯದ ಸ್ಕ್ಯಾನಿನಲ್ಲಿರುವ ತೂತಿಗೆ ಇದು ಸರಿಯಾಗಿ ಕೂಡುತ್ತದೆ ಎಂದು ಹೇಳಿದ. ಮಹಾಂತೇಶನ ಕಡೆಯ ವಕೀಲರು ಎದ್ದು ಕೇಳಿದ್ದು ಒಂದೇ ಪ್ರಶ್ನೆ: “ಗೊತ್ತಿದ್ದೂ ಹನ್ನೊಂದು ವರ್ಷ ಯಾಕ ಮುಚ್ಚಿಟ್ರಿ?” ಉಳಿವೆಪ್ಪ ಕಟ್ಟೆಯ ಕಟ್ಟಿಗೆಯನ್ನು ಹಿಡಿದು ನಿಂತ. ಬೆರಳಚ್ಚಿನವಳು ಕಾದು ಕಾದು, ನ್ಯಾಯಾಧೀಶರ ಮುಖ ನೋಡಿ, ‘ಸಾಕ್ಷಿ ಉತ್ತರಿಸಲಿಲ್ಲ’ ಎಂದು ಬಡಿದಳು.

ನ್ಯಾಯಾಧೀಶರು ಹಳೆಯ ಶವದ ಕಡತ ತರಿಸಲು ಹೇಳಿದರು. ಮುಂದಿನ ವಾಯಿದೆಗೆ ಅದು ಬಂತು. ಒಳಗೊಂದು ಫೋಟೋ ಇತ್ತು, ಅಂಗಿಯ ಒಂದು ಗುಂಡಿ ಇತ್ತು. ಫೋಟೋ ನೋಡಿದ ಮಹಾಂತೇಶ ಕೋರ್ಟಿನ ನೆಲದ ಮೇಲೆಯೇ ಕೂತುಬಿಟ್ಟ. ಆಮೇಲೆ ತಕರಾರು ಹಿಂದಕ್ಕೆ ತೆಗೆದುಕೊಂಡ. ಹುಬ್ಬಳ್ಳಿಗೆ ಹೋಗುತ್ತೇನೆಂದವನು ಹರಿಹರದ ಗಾಡಿ ಯಾಕೆ ಹತ್ತಿದ, ಬಿದ್ದನೋ ಹಾರಿದನೋ, ಕಡತದಲ್ಲಿ ಇರಲಿಲ್ಲ. ಆದೇಶ ಫಕ್ಕೀರವ್ವನ ಕಡೆಗಾಯಿತು. ಅಂದರೆ ಅವಳು ವಿಧವೆ ಎಂದಾಯಿತು.

ಊರಲ್ಲಿ ಅರ್ಧ ಮಂದಿ ಉಳಿವೆಪ್ಪನನ್ನು ಬೈದರು. ಇನ್ನರ್ಧ ಮಂದಿ, “ಪಾಪ, ಒಳ್ಳೇದಕ್ಕ ಮಾಡಿದ್ದು” ಎಂದರು. ಬೈದವರ ಮುಂದೆ ಅವನಿಗೆ ನಿಲ್ಲಲು ಆಗುತ್ತಿತ್ತು.

ಆದೇಶವಾದ ದಿನ ಸವಣೂರಿನಿಂದ ಸಂಜೆಯ ಬಸ್ಸಿಗೆ ಅವನೂ ಬಂದ, ಫಕ್ಕೀರವ್ವನೂ ಬಂದಳು. ಬಸ್ಸಿನಲ್ಲಿ ಸಂತೆ ಮುಗಿಸಿದವರು ತುಂಬಿದ್ದರು. ಅವಳು ಮುಂದಿನ ಸೀಟಿನಲ್ಲಿ ಕೂತಿದ್ದಳು. ಬರಿ ಕೈ, ಬರಿ ಹಣೆ. ಅರ್ಧ ದಾರಿಗೆ ಪಕ್ಕದ ಹೆಂಗಸು ಇಳಿದಾಗ ಅವಳು ತಿರುಗದೆಯೇ, ಹಿಂದೆ ನಿಂತಿದ್ದ ಅವನಿಗೆ ಕೇಳುವಷ್ಟು ಮೆಲ್ಲಗೆ ಅಂದಳು:

“ಹನ್ನೊಂದು ವರ್ಷ ದಿನಾ ಸಂಜಿಮುಂದ ಎರಡು ರೊಟ್ಟಿ ಹೆಚ್ಚಿಗಿ ಬಡದೇನ್ರಿ ಸರ. ಹೊತ್ತಾಗಿ ಬಂದ್ರ ಇರಲಿ ಅಂತ.”

ಸೀಟು ಖಾಲಿಯಿತ್ತು. ಉಳಿವೆಪ್ಪ ಕೂರಲಿಲ್ಲ. ಮುಳ್ಳೂರಕೊಪ್ಪ ಬಂದು ಅವಳು ಇಳಿದಳು. ಅವನು ಇಳಿಯಲಿಲ್ಲ. “ಇಳೀರಿ ಸರ, ನಿಮ್ಮೂರು” ಎಂದು ಕಂಡಕ್ಟರು ಎರಡು ಸಲ ಕೂಗಿದ. ಮುಂದಿನ ಊರಿಗೆ ಟಿಕೆಟು ತೆಗೆಸಿ, ಅಲ್ಲಿಳಿದು, ಅವಳು ಮನೆ ಸೇರಿ ಬಾಗಿಲು ಹಾಕಿಕೊಂಡಿರಬಹುದಾದಷ್ಟು ಹೊತ್ತು ಕಳೆದ ಮೇಲೆ, ಅವನು ಊರ ಕಡೆ ನಡೆಯತೊಡಗಿದ.